ಕ್ಯಾಮೆರಾದ ಮುಂದೆ ಗಂಡನ ಹೆಸರು

ಗೋಡೆಯ ಮೇಲೆ ನನ್ನ ಹೆಂಡತಿಯ ಮುಖ ಆಳೆತ್ತರಕ್ಕೆ ಮೂಡಿತ್ತು. ವಾಕ್ ಚಿಕಿತ್ಸೆ ಕಲಿಸುವ ಪುಣೆಯ ಒಂದು ಕಾಲೇಜಿನ ಪಾಠದ ಕೋಣೆ ಅದು. ಕಿಟಕಿಗಳನ್ನು ಮುಚ್ಚಿ ಕತ್ತಲೆ ಮಾಡಿದ್ದರು. ವಿಡಿಯೊದಲ್ಲಿ ವಿದ್ಯಾರ್ಥಿನಿಯೊಬ್ಬಳು ಕ್ಯಾಮೆರಾದ ಆಚೆ ಕುಳಿತಿದ್ದ ನನ್ನ ಕಡೆ ಕೈ ತೋರಿಸಿ, "ಅಜ್ಜೀ, ಇವರ ಹೆಸರೇನ್ರೀ?" ಎಂದು ಕೇಳಿದಳು. ನನ್ನ ಹೆಂಡತಿ ಒಂದು ಕ್ಷಣ ಓರೆಯಾಗಿ ನನ್ನತ್ತ ನೋಡಿದಳು. ಆಮೇಲೆ ಎಡಗೈಯಿಂದ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಹಿನ್ನೆಲೆಯ ಧ್ವನಿ ಮರಾಠಿಯಲ್ಲಿ ವಿವರಿಸಿತು: ರೋಗಿ ಗಂಡನನ್ನು ಗುರುತಿಸುತ್ತಾಳೆ, ಆದರೆ ಅವನ ಹೆಸರು ಹೇಳುವ ಶಕ್ತಿ ಅವಳಲ್ಲಿ ಉಳಿದಿಲ್ಲ.

"ಅಲ್ಲೇ ನಿಲ್ಲಸ್ರಿ," ಎಂದೆ.

ನನ್ನ ಪಕ್ಕದಲ್ಲಿದ್ದ ಅಧ್ಯಾಪಕಿ ಚಿತ್ರವನ್ನು ನಿಲ್ಲಿಸಿದರು. ಪ್ರಕಟಿಸುವ ಮೊದಲು ಮನೆಯವರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ಅವರ ಪದ್ಧತಿ. ಅದಕ್ಕಾಗಿಯೇ ನನ್ನನ್ನು ಕರೆಸಿದ್ದರು. ನಮ್ಮಿಬ್ಬರ ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ನನ್ನ ಕಿವಿಯಲ್ಲಿ ಉಳಿದಿರುವಂತೆ ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಶಕ್ತಿ ಉಳದಿಲ್ಲ ಅಂತ ಹ್ಯಾಂಗ ಹೇಳ್ತೀರಿ, ಮೇಡಂ? ಆಕಿ ಹೇಳಲಿಲ್ಲ. ನಾವು ಕಂಡದ್ದು ಅಷ್ಟ."

"ಕಾಕಾ, ಲೋಟ ತೋರಿಸಿದ್ರೂ ಹೇಳಲಿಲ್ಲ, ಬಾಚಣಿಗಿ ತೋರಿಸಿದ್ರೂ ಹೇಳಲಿಲ್ಲ. ಅದಕ್ಕ ನೀವು ತಕರಾರು ತಗೀಲಿಲ್ಲ."

"ಲೋಟದ ಹೆಸರು ಆಕಿ ದಿನಾ ಹೇಳ್ತಿದ್ದಳು. ನನ್ನ ಹೆಸರು ಲಗ್ನ ಆದಾಗಿಂದ ಒಮ್ಮೆಯೂ ಹಿಡದು ಕರದಿಲ್ಲ. ಗಟ್ಟಿ ಇದ್ದಾಗಲೇ ಹೇಳದ್ದನ್ನ ಈಗ ಹೇಳಲಿಲ್ಲ ಅಂತ ರೋಗದ ಲೆಕ್ಕಕ್ಕ ಹಾಕಬ್ಯಾಡ್ರಿ."

ಅಧ್ಯಾಪಕಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನಮ್ಮ ಆಜಿನೂ ಹಂಗ ಇದ್ದಳು," ಎಂದರು. "ಪದ್ಧತಿ ನನಗೂ ಗೊತ್ತದ. ಆದ್ರ ಪದ್ಧತಿಯಿಂದ ಹೇಳಲಿಲ್ಲವೋ, ಬರಲಾರದ ಹೇಳಲಿಲ್ಲವೋ, ನಿಮಗಾದ್ರೂ ಹ್ಯಾಂಗ ಗೊತ್ತು?"



ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಧಾರವಾಡದ ಕಡೆಯಿಂದ ಪುಣೆಗೆ ಬಂದು, ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗಿ ದುಡಿದೆ. ಪೆಂಟೆ ಎಂಬ ದೊಡ್ಡ ಉಂಡೆಯ ಮೇಲ್ಬಣ್ಣ ನೋಡಿ ಒಳಗಿನ ಬೆಲ್ಲವನ್ನು ನಂಬಬಾರದು, ಒಡೆದು ನೋಡಬೇಕು ಎಂಬುದು ಅಲ್ಲಿ ಅಂಟಿದ ರೂಢಿ. ಪುಸ್ತಕಗಳನ್ನೂ ಹಾಗೆಯೇ ಓದಿದೆ. ವಾಚನಾಲಯದಲ್ಲಿ ಸಿಕ್ಕದ್ದನ್ನು ಓದಿ, ಅದಕ್ಕೆ ವಿರುದ್ಧವಾದದ್ದನ್ನು ಹುಡುಕಿ ಓದಿದೆ. ಮುಪ್ಪಿನಲ್ಲಿ ಫೋನು ಕೈಗೆ ಬಂದ ಮೇಲೆ ಕಾಲೇಜುಗಳವರು ಎಲ್ಲರಿಗೂ ತೆರೆದಿಟ್ಟ ಪಾಠದ ವಿಡಿಯೊಗಳು ಸಿಕ್ಕವು. ಅವುಗಳಿಗೆ ಶುಲ್ಕವಿಲ್ಲ, ನೀವು ಯಾರು, ಎಷ್ಟು ಕಲಿತವರು ಎಂದು ಯಾರೂ ಕೇಳುವುದಿಲ್ಲ. ನನ್ನಂಥವನು ಬಾಗಿಲಲ್ಲಿ ನಿಲ್ಲದೆ ಒಳಗೆ ಹೋಗಬಹುದಾದ ತರಗತಿಗಳು ಅವು ಮಾತ್ರ.

ಹೆಂಡತಿಗೆ ಲಕ್ವ ಹೊಡೆದು ಬಲಗೈ ಬಿದ್ದು, ಮಾತು ಹೋದಾಗ ಆಸ್ಪತ್ರೆಯ ವೈದ್ಯರು, ಬರುವಷ್ಟು ಮಾತು ಮೊದಲ ಕೆಲವು ತಿಂಗಳಲ್ಲಿ ಬರುತ್ತದೆ, ಆಮೇಲೆ ಆಸೆ ಇಟ್ಟುಕೊಳ್ಳಬೇಡಿ ಎಂದರು. ನಾನು ಒಪ್ಪಲಿಲ್ಲ. ವಿದ್ಯಾರ್ಥಿಗಳಿಗೆಂದು ಮಾಡಿದ ವಿಡಿಯೊಗಳನ್ನು ಹುಡುಕಿ ಹುಡುಕಿ ನೋಡಿದೆ. ಒಬ್ಬ ಅಧ್ಯಾಪಕರು ವೈದ್ಯರಂತೆಯೇ ಹೇಳಿದರೆ, ಇನ್ನೊಬ್ಬರು ಅಷ್ಟು ಖಚಿತವಾಗಿ ಹೇಳಲು ಹಿಂಜರಿದರು. ಆ ಹಿಂಜರಿಕೆಯೇ ನನಗೆ ಸಾಕಾಯಿತು. ಮಾತು ಹೋದವರಿಗೆ ಅರ್ಥವಾಗುವುದು ಹೋಗಿರಬೇಕೆಂದಿಲ್ಲ ಎಂಬುದನ್ನು ಕಲಿತದ್ದು ಅಲ್ಲಿಯೇ. ಯಾವುದೋ ದೇಶದ ಒಬ್ಬ ಮುದುಕ ಬಟ್ಟಲನ್ನು ನೋಡುತ್ತ, ಅದರ ಹೆಸರಿಗಾಗಿ ತಡಕಾಡುತ್ತ, ಕೊನೆಗೆ ಕಣ್ಣೊರೆಸಿಕೊಂಡದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅವನು ತನ್ನ ಸೋಲನ್ನು ತೋರಿಸಲು ಒಪ್ಪದಿದ್ದರೆ ನನ್ನ ಹೆಂಡತಿಯ ಮೌನ ನನಗೆ ಅರ್ಥವಾಗುತ್ತಿರಲಿಲ್ಲ.

ಆದ್ದರಿಂದಲೇ ಈ ಕಾಲೇಜಿನವರು ಅವಳ ಪರೀಕ್ಷೆಯನ್ನು ಚಿತ್ರಿಸಿಕೊಳ್ಳಬಹುದೇ ಎಂದು ಕೇಳಿದಾಗ ನನ್ನ ಮನಸ್ಸು ಮುಂದೆ ಓಡಿತು. ಅಧ್ಯಾಪಕಿ ನನ್ನನ್ನು ತಡೆದರು. ಒಪ್ಪಿಗೆ ಅವಳದೇ ಆಗಬೇಕು. ಈ ಕಾಯಿಲೆಯಲ್ಲಿ ಹೌದು, ಅಲ್ಲ ಎಂಬ ಮಾತುಗಳು ಅದಲುಬದಲಾಗುತ್ತವೆ, ತಲೆಯಾಡಿಸಿದ್ದನ್ನೂ ನಂಬುವಂತಿಲ್ಲ. ಹಾಗಾಗಿ ಅವರು ಎರಡು ಕಾರ್ಡು ಇಡುತ್ತಿದ್ದರು. ಒಂದರ ಮೇಲೆ ಕ್ಯಾಮೆರಾದ ಚಿತ್ರ, ಇನ್ನೊಂದರ ಮೇಲೆ ಕೆಂಪು ಗೀಟು ಹೊಡೆದ ಕ್ಯಾಮೆರಾ. ಬೇರೆ ಬೇರೆ ದಿನ, ಕಾರ್ಡುಗಳ ಜಾಗ ಬದಲಿಸಿ ಕೇಳಿದರು. ಪ್ರತಿಸಲವೂ ಅವಳ ಎಡಗೈ ಗೀಟಿಲ್ಲದ ಕ್ಯಾಮೆರಾದ ಮೇಲೆಯೇ ಹೋಗಿತ್ತು.

ಈಗ ಆ ವಿಡಿಯೊ ಸಿದ್ಧವಾಗಿತ್ತು. ಮುಂದಿನ ವಾರ ಅದು ಹೊರಗೆ ಹೋಗುವುದಿತ್ತು. ಒಮ್ಮೆ ಹೋಯಿತೆಂದರೆ ಯಾರು ಬೇಕಾದರೂ ಇಳಿಸಿಕೊಳ್ಳುತ್ತಾರೆ, ತರಗತಿಗಳಲ್ಲಿ ತೋರಿಸುತ್ತಾರೆ, ಪ್ರಬಂಧಗಳಲ್ಲಿ ಆಧಾರವಾಗಿ ಕೊಡುತ್ತಾರೆ. ಹಿಂದಕ್ಕೆ ಕರೆಯಲು ಬರುವುದಿಲ್ಲ. ಗಂಡನ ಹೆಸರನ್ನೇ ಕಳೆದುಕೊಂಡವಳು ಎಂದು ನನ್ನ ಹೆಂಡತಿ ನಾವು ಕಾಣದ ಊರುಗಳಲ್ಲಿ ಉಳಿದುಹೋಗುತ್ತಾಳೆ.

"ಮತ್ತೊಮ್ಮೆ ಕೇಳೋಣು," ಎಂದರು ಅಧ್ಯಾಪಕಿ. "ಕ್ಯಾಮೆರಾ ಇಟ್ಟೇ ಕೇಳೋಣು, ಕಾಕೂ ಒಪ್ಪಿದ್ರ. ಆದ್ರ ಮನಿಯಾಗ ಕಲಸಬ್ಯಾಡ್ರಿ. ನೀವು ಹೇಳಿಕೊಟ್ಟು ಆಕಿ ಹೇಳಿದ್ರ ಅದು ಗಿಳಿಪಾಠ. ಹೇಳದಿದ್ರ ಈಗಿನ ವಾಕ್ಯ ಹಂಗ ಇರ್ತದ. ಒಪ್ಪಿಗ್ಯೇನು?"

ಒಪ್ಪಿದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಪರೀಕ್ಷೆಯ ದಿನ ನೆನಪಾಯಿತು. ಹಿಂದಿನ ಸಲ ಲೋಟದ ಹೆಸರು ಬಾರದಾಗ ಅವಳು ಅತ್ತಿದ್ದಳು, ಊಟ ಬಿಟ್ಟಿದ್ದಳು. ಈಗ ನನ್ನ ಹಟಕ್ಕೆ ಮತ್ತೆ ಅದೇ ಕುರ್ಚಿಯಲ್ಲಿ ಕೂಡಬೇಕಾಗಿತ್ತು.

ನನ್ನ ತಂಗಿ ನಮ್ಮ ಸೊಸೈಟಿಯಲ್ಲಿಯೇ ಕೆಳಗಿನ ಮನೆಯಲ್ಲಿರುತ್ತಾಳೆ. ಅತ್ತಿಗೆಯನ್ನು ವೈನಿ ಎಂದು ಕರೆಯುವ ಅವಳು ವಿಷಯ ಕೇಳಿ ನನ್ನ ಮೇಲೆ ಏರಿ ಬಂದಳು.

"ನೀ ಗೆಲ್ಲಬೇಕು ಅಂತ ವೈನೀನ ಪರೀಕ್ಷಾಕ್ಕ ಕೂಡಸ್ತೀ ಏನಣ್ಣಾ?"

"ಗೆಲ್ಲೂದಲ್ಲ. ಸುಳ್ಳು ಜಗತ್ತೆಲ್ಲಾ ತಿರಗಬಾರದು."

"ಜಗತ್ತಿಗೆ ನಿನ್ನ ಹೆಸರು ಕಟಗೊಂಡು ಏನಾಗಬೇಕಾಗೇದ? ನಮ್ಮ ಬಿಲ್ಡಿಂಗಿನ ವಾಚ್‌ಮನ್ನಗನ ಗೊತ್ತಿಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಆ ಹುಡುಗಿ ಹ್ಯಾಂಗ ಕೇಳಿದ್ಲು? ಇವರ ಹೆಸರೇನ್ರಿ ಅಂತ, ರೇಶನ್ ಅಂಗಡ್ಯಾಗ ಕೇಳಿಧಾಂಗ? ಹಂಗ ಕೇಳಿದ್ರ ನಾನೂ ಹೇಳೂದಿಲ್ಲ. ಹೆಸರು ಕೇಳೂ ರೀತಿ ಅದಲ್ಲ."

ರೀತಿ ಬೇರೆಯೇ ಇತ್ತು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ; ಒಡಪಿನಲ್ಲಿಟ್ಟು ಹೇಳುತ್ತಾಳೆ. ಒಡಪೆಂದರೆ ಪ್ರಾಸ ಕೂಡಿಸಿದ ಎರಡು ಸಾಲು, ಕೊನೆಗೆ ಹೆಸರು. ಮದುವೆಯಾಗಿ ಮನೆ ತುಂಬುವ ದಿನ ಗಂಡನ ತಂಗಿ ಹೊಸ್ತಿಲಲ್ಲಿ ಅಡ್ಡ ನಿಂತು, ಹೆಸರು ಹೇಳಿದರೆ ಒಳಗೆ ಬಿಡುತ್ತೇನೆ ಎನ್ನುತ್ತಾಳೆ. ನನ್ನ ಹೆಂಡತಿಗೆ ಅಡ್ಡ ನಿಂತವಳು ಇದೇ ತಂಗಿ. ಆಗ ಲಂಗ ಉಟ್ಟ ಹುಡುಗಿ.

ಅಧ್ಯಾಪಕಿಗೆ ಫೋನು ಮಾಡಿ, ಕೇಳುವವಳು ನನ್ನ ತಂಗಿಯಾಗಲಿ ಎಂದೆ. ಮರಾಠಿಯವರಲ್ಲಿಯೂ ಈ ಪದ್ಧತಿ ಉಂಟು, ಬಿಡಿಸಿ ಹೇಳಬೇಕಾಗಲಿಲ್ಲ. "ಬರ್ಲಿ," ಎಂದರು ಅವರು. "ಆದ್ರ ಅದು ಏನನ್ನ ತೋರಸ್ತದ ಅಂಬೂದು ಆಮ್ಯಾಲ ನೋಡೋಣು."

ಆ ವಾರ ಮನೆಯಲ್ಲಿ ನಾನು ಕಳ್ಳನ ಹಾಗೆ ಓಡಾಡಿದೆ. ಚಹಾ ಬಸಿದು ಅವಳ ಎಡಗೈಗೆ ಕೊಡುವಾಗ ಒಡಪಿನ ಮೊದಲ ಶಬ್ದ ನನ್ನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಒಂದೇ ಶಬ್ದ ಅಂದರೆ ಅವಳು ಮುಂದುವರಿಸಬಹುದೇನೋ. ಮುಂದುವರಿಸಿದರೆ ನನ್ನ ಅಂಜಿಕೆ ತೀರುತ್ತಿತ್ತು, ಪರೀಕ್ಷೆ ಕೆಡುತ್ತಿತ್ತು. ಬೇರೆಯವರ ಪುರಾವೆಗಳನ್ನು ಒಡೆದು ನೋಡುವವನು ನನ್ನ ಪುರಾವೆಯಲ್ಲಿ ನಾನೇ ಕಲಬೆರಕೆ ಮಾಡುವಂತಿರಲಿಲ್ಲ. ತುಟಿ ಬಿಗಿಹಿಡಿದು ಒಳಗೆ ಹೋಗುತ್ತಿದ್ದೆ. ಅವಳು, "ಅದ... ಅದ..." ಎಂದು ನನ್ನ ಬೆನ್ನಿಗೆ ಏನೋ ಕೇಳುತ್ತಿದ್ದಳು. ಅವಳಿಗೆ ಉಳಿದಿದ್ದ ಮಾತು ಬಹುತೇಕ ಅದೊಂದೇ.

ಗೊತ್ತುಮಾಡಿದ ದಿನ ಕಾಲೇಜಿನಲ್ಲಿ ಮೊದಲು ಕಾರ್ಡುಗಳನ್ನಿಟ್ಟರು. ಹೆಂಡತಿಯ ಕೈ ತುಸು ತಡೆದು, ಗೀಟಿಲ್ಲದ ಕ್ಯಾಮೆರಾದ ಮೇಲೆ ಹೋಯಿತು. ವಿದ್ಯಾರ್ಥಿನಿ ಕ್ಯಾಮೆರಾ ಹಚ್ಚಿದಳು. ಅವಳೂ ಬೆಳಗಾವಿ ಕಡೆಯ ಕನ್ನಡದ ಹುಡುಗಿ. ನನ್ನ ಹತ್ತಿರ ಬಂದು, "ನನಗ ಖರೇನ ಹೊಳೀಲಿಲ್ರೀ ಅಜ್ಜಾರ. ನಮ್ಮವ್ವ ಅಪ್ಪನ್ನ ಹೆಸರ ಹಿಡದ ಬೈತಾಳ್ರಿ," ಎಂದಳು. ನಗಬೇಕೆನಿಸಿದರೂ ನಗು ಬರಲಿಲ್ಲ.

ನನ್ನನ್ನು ಮೂಲೆಯಲ್ಲಿ ಕೂರಿಸಿದರು. ಹೆಂಡತಿಯನ್ನು ಪಕ್ಕದ ಕೋಣೆಯಿಂದ ನಿಧಾನವಾಗಿ ನಡೆಸಿಕೊಂಡು ಬಂದರು. ಬಾಗಿಲಲ್ಲಿ ನನ್ನ ತಂಗಿ ಚೌಕಟ್ಟಿನ ಎರಡೂ ಬದಿಗೆ ಕೈ ಚಾಚಿ ನಿಂತಿದ್ದಳು.

"ಎಲ್ಲಿಗ್ರೀ ವೈನಿ? ಹೆಸರು ಹೇಳ್ರಿ, ಒಳಗ ಬಿಡ್ತೀನಿ."

ಹೆಂಡತಿ ನಿಂತಳು. ಮುಖದಲ್ಲಿ ಮೊದಲು ಗೊಂದಲ. ತಂಗಿ ಜರುಗಲಿಲ್ಲ. "ಇವತ್ತ ಪುಕ್ಕಟ ಬಿಡೂದಿಲ್ಲ ನೋಡ್ರಿ. ನಿಂದರ್ರಿ ಇಲ್ಲೇ, ಕಾಲು ನೋಯಲಿ."

ಹೆಂಡತಿಯ ಬಾಯಿ ತೆರೆಯಿತು. "ಅದ..." ಎಂದಳು. ನಿಂತಳು. ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಅಧ್ಯಾಪಕಿ ಸಾಕೆನ್ನುವಂತೆ ಕೈಯೆತ್ತುವುದರಲ್ಲಿದ್ದರು. ನಾನೂ ಅರ್ಧ ಎದ್ದಿದ್ದೆ. ಆಗ ಅವಳ ತಲೆ ತಾಳಕ್ಕೆಂಬಂತೆ ತೂಗಿತು, ದನಿ ಹೊರಟಿತು:

"ಹಿತ್ತಾಳಿ ದೀಪಕ್ಕ ಹತ್ತೀಯ ಬತ್ತಿ, ಅತ್ತಿಯ ಮನಿತುಂಬ ಬೆಳಕ ಸುತ್ತಿ ಸುತ್ತಿ..."

ಒಂದಕ್ಷರ ತಪ್ಪಲಿಲ್ಲ. ಆದರೆ ಹೆಸರಿನ ಮುಂದೆ ಬಂದು ನಿಂತುಬಿಟ್ಟಳು.  ಅವಳು ಮೂಲೆಯಲ್ಲಿದ್ದ ನನ್ನತ್ತ ನೋಡಿದಳು. ವಿಡಿಯೊದಲ್ಲಿ ನಾನು ಕಂಡಿದ್ದ ಅದೇ ಓರೆನೋಟ. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಅದರ ಹಿಂದಿನಿಂದ ನನ್ನ ಹೆಸರು ಹೇಳಿದಳು. ಪೂರ್ತಿಯಾಗಿ, ಕೊನೆಗೆ 'ರಾಯರು' ಎಂದೂ ಸೇರಿಸಿ.

ತಂಗಿ ಬಾಗಿಲು ಬಿಟ್ಟು ವೈನಿಯ ಕೊರಳು ತಬ್ಬಿಕೊಂಡಳು. ನಾನು ಅಧ್ಯಾಪಕಿಯತ್ತ ತಿರುಗಿದೆ. "ಈಗೇನಂತೀರಿ?"

"ನೀವೇ ಹೇಳ್ರಿ, ಕಾಕಾ. ಇಷ್ಟು ವಿಡಿಯೊ ನೋಡೀರಿ."

 ಬಾಯಿಪಾಠವಾದ ಹಾಡು, ಎಣಿಕೆ, ಶ್ಲೋಕಗಳು ಮಾತು ಹೋದವರಲ್ಲಿಯೂ ಉಳಿಯಬಲ್ಲವು. ಒಡಪಿನ ಪ್ರವಾಹದಲ್ಲಿ ತೇಲಿಬಂದ ಹೆಸರು, ಬೇಕೆಂದಾಗ ಹುಡುಕಿ ತೆಗೆದ ಹೆಸರಲ್ಲ. ಅದನ್ನು ನಾನು ಇಂಥವರ ಪಾಠಗಳಿಂದಲೇ ಕಲಿತಿದ್ದೆ. ಆದರೆ ಆ ತಡೆ, ಆ ನೋಟ, ಆ ಸೆರಗು? ಗಿಳಿಪಾಠದಲ್ಲಿ ನಾಚಿಕೆ ಎಲ್ಲಿಂದ ಬಂತು?

"ಆಕಿಗೆ ಹೆಸರು ಬರ್ತದ ಅಂತ ಇದರಿಂದ ಪಕ್ಕಾ ಆಗಲಿಲ್ಲ," ಎಂದೆ. "ಬರೂದಿಲ್ಲ ಅಂಬೂದಂತೂ ಅದಕ್ಕಿಂತಲೂ ಪಕ್ಕಾ ಆಗಲಿಲ್ಲ."

"ಅಲ್ಲೀತನಾ ನಾನೂ ಬರ್ತೀನಿ," ಎಂದರು ಅವರು. "ಈ ತುಣುಕು ವಿಡಿಯೊದಾಗ ಸೇರಿಸೋಣು. ನೋಡಿದವರು ತಾವೇ ತೀರ್ಮಾನಿಸಲಿ."

ನನಗೆ ಬೇಕಾಗಿದ್ದುದೇ ಅದು. ಎಲ್ಲರ ಮುಂದೆ ತೆರೆದಿಟ್ಟು, ಒಡೆದು ನೋಡಿ ಎನ್ನುವುದು.

ವಿದ್ಯಾರ್ಥಿನಿ ಈಗ ಚಿತ್ರಿಸಿದ್ದನ್ನು ಹೆಂಡತಿಗೆ ಪರದೆಯ ಮೇಲೆ ತೋರಿಸಿದಳು. ಹೊರಗಿನವರೆಲ್ಲ ನೋಡಬಹುದೇ ಎಂದು ಕೇಳಿ, ಕಾರ್ಡುಗಳನ್ನಿಟ್ಟಳು. ಅವಳ ಎಡಗೈ ಕೆಂಪು ಗೀಟಿನ ಕ್ಯಾಮೆರಾದ ಮೇಲೆ ಹೋಗಿ ಕುಳಿತಿತು.

ತಿಳಿಯಲಿಲ್ಲವೇನೋ ಎಂದುಕೊಂಡೆ. ಕಾರ್ಡುಗಳ ಜಾಗ ಬದಲಿಸಿದರು. ಕೈ ಮೇಜಿನ ಈ ತುದಿಯಿಂದ ಆ ತುದಿಗೆ ಸರಿದು ಮತ್ತೆ ಕೆಂಪು ಗೀಟನ್ನೇ ಒತ್ತಿತು. ಆಮೇಲೆ ಹಳೆಯ ವಿಡಿಯೊ ತೋರಿಸಿ ಕೇಳಿದರು; ಕೈ ಗೀಟಿಲ್ಲದ ಕ್ಯಾಮೆರಾದ ಮೇಲೆ ಹೋಯಿತು. ಇದನ್ನು ತೋರಿಸಿದರೆ ಗೀಟು. ಲೋಟದ ಹೆಸರು ಬಾರದೆ ಅತ್ತದ್ದನ್ನು ಜಗತ್ತು ನೋಡಲಿ. ಇದು ಬೇಡ.

"ಇನ್ನೊಮ್ಮೆ ಕೇಳ್ರಿ," ಎಂದೆ.

"ಅಣ್ಣಾ!" ಎಂದಳು ತಂಗಿ. "ವೈನಿ ಬ್ಯಾಡ ಅಂದ್ರು. ಮಾತು ಬರೂದಿಲ್ಲ ಅಂತ ಮಂದಿ ತಿಳೀಬಾರದು ಅಂತ ಕುಣದಾಡಿದಾಂವ ನೀ, ಈಗ ಆಕಿ ಮಾತಾಡಿದ್ರ ನಿನಗ ಕೇಳಸೂದಿಲ್ಲೇನು?"

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಕೈ ಕಾರ್ಡಿನ ಮೇಲೆಯೇ ಇತ್ತು. ನಾನು ವಿದ್ಯಾರ್ಥಿನಿಗೆ ಅಳಿಸಿಬಿಡು ಎಂದೆ. ನಮ್ಮೆದುರಿಗೇ ಅಳಿಸಿದಳು. ಬೆಲ್ಲದಂಗಡಿಯಲ್ಲಿ ಒಳ್ಳೆಯ ಪೆಂಟೆ ಕಾಲ ಕೆಳಗೆ ಬಿದ್ದು ಪುಡಿಯಾದಾಗ ಆಗುತ್ತಿದ್ದ ಸಂಕಟ ಆಯಿತು.

ತೋರಿಸಲಾಗದ ಪುರಾವೆಯನ್ನು ನಂಬಿ ವಾಕ್ಯ ಬದಲಿಸುವುದು ಹೇಗೆಂದು ಅಧ್ಯಾಪಕಿ ಕೆಲವು ದಿನ ಒದ್ದಾಡಿದರೆಂದು ಕಾಣುತ್ತದೆ. ಕೊನೆಗೆ ವಿಡಿಯೊ ಹೊರಬಂದಾಗ ಹಿನ್ನೆಲೆಯ ಧ್ವನಿ, ರೋಗಿ ಈ ಪ್ರಶ್ನೆಗೆ ಉತ್ತರಿಸಲಿಲ್ಲ, ಎಂದಷ್ಟೇ ಹೇಳುತ್ತದೆ. ಕೆಳಗೆ ಕಲಿಸುವವರಿಗೆಂದು ಒಂದು ಟಿಪ್ಪಣಿ ಇದೆ: ಕೆಲವು ಮನೆತನಗಳಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಪರೀಕ್ಷೆಗೆ ಮೊದಲು ವಿಚಾರಿಸಿಕೊಳ್ಳಿ, ಈ ಮೌನದಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಕೆಲವು ಮನೆತನ ಎಂಬುದಕ್ಕೆ ನನ್ನ ಆಕ್ಷೇಪವಿದೆ; ಕೆಲವಲ್ಲ, ಬಹಳ ಎಂದು ಬರೆದು ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಅದನ್ನು ಹೆಂಡತಿ ನನ್ನ ಫೋನಿನಲ್ಲಿ ನೋಡಿದಳು. ತಂಗಿ ಪಕ್ಕದಲ್ಲಿ ಕುಳಿತಿದ್ದಳು. ಹುಡುಗಿ ಹೆಸರು ಕೇಳುವ ಜಾಗ ಬಂದಾಗ ತಂಗಿ ಅವಳ ಕಿವಿಯ ಹತ್ತಿರ ಬಾಗಿ, "ಈಗ ಹೇಳ್ರಲಾ ವೈನಿ, ಅಣ್ಣ ಇಲ್ಲೇ ಇದ್ದಾನ," ಎಂದಳು. ಹೆಂಡತಿ ಎಡಗೈಯಿಂದ ಅವಳ ತೊಡೆಯನ್ನು ಬಲವಾಗಿ ಚಿವುಟಿದಳು. ಪರದೆಯ ಮೇಲಿನ ಅವಳು ಆಗ ಸೆರಗು ಎಳೆದುಕೊಂಡು ತಲೆ ತಗ್ಗಿಸುತ್ತಿದ್ದಳು.