ಬ್ಯಾಂಡ್ ಸ್ವಿಚ್ಚಿಗೆ ಬೆಳ್ಳಿ

ಅಬ್ಬಾಸಿಯಾದ ನಮ್ಮ ಕೋಣೆಯಲ್ಲಿ ಆ ಹೊತ್ತಿಗೆ ಉಳಿದವರು ಇಬ್ಬರೇ. ಹುಬ್ಬಳ್ಳಿ ಕಡೆಯ ಟೆಕ್ನಿಷಿಯನ್ ನಾನು, ಇನ್ನೊಬ್ಬ ಉಡುಪಿ ಕಡೆಯ ಅಡುಗೆಯವನು. ನಾವು ದುಡಿಯಲು ಬಂದಿದ್ದ ಆ ಕೊಲ್ಲಿ ದೇಶಕ್ಕೆ ಇರಾಕಿನ ಸೈನ್ಯ ನುಗ್ಗಿ ವಾರಗಳಾಗಿದ್ದವು. ಅವನ ಹೋಟೆಲು ಮುಚ್ಚಿತ್ತು, ಫೋನು ಸತ್ತಿತ್ತು, ನಮ್ಮಿಬ್ಬರ ಪಾಸ್‌ಪೋರ್ಟುಗಳು ನಮ್ಮನ್ನು ಕೆಲಸಕ್ಕೆ ಕರೆಸಿಕೊಂಡು ಈಗ ಊರು ಬಿಟ್ಟೋಡಿದ ಕಫೀಲರ ಕಪಾಟಿನಲ್ಲಿದ್ದವು. ಊರಿನಲ್ಲಿ ಅವನ ಹೆಂಡತಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ. "ಹೆತ್ತಳಾ ಇಲ್ವಾ, ಅದೊಂದು ಗೊತ್ತಾದ್ರೆ ಸಾಕು ಮಾರಾಯ್ರೆ" ಎಂದು ಬೆಳಗೆದ್ದರೆ ಅದೇ ಜಪ.

ಜೋರ್ಡಾನ್ ದಾರಿಯಾಗಿ ಊರಿಗೆ ಹೊರಟ ಪಕ್ಕದ ಕೋಣೆಯವನೊಬ್ಬ ಉಪಾಯ ಹೇಳಿದ. ಅವನ ಭಾವ ಮಂಗಳೂರಿನಲ್ಲಿ ಹ್ಯಾಮ್ ರೇಡಿಯೋ ಹವ್ಯಾಸಿ. ಮನೆಯವರ ಸುದ್ದಿ ವಿಚಾರಿಸಿ, ಸಂಜೆ ಹೊತ್ತು ಗೊತ್ತುಮಾಡಿದ ಬ್ಯಾಂಡಿನಲ್ಲಿ ಅವನಿಂದ ಓದಿಸುತ್ತೇನೆ ಎಂದ. ನನ್ನ ಬಳಿ ಗುಜರಿಯಲ್ಲಿ ಕೊಂಡ ಹಳೇ ಹ್ಯಾಮ್ ಸೆಟ್ಟೊಂದಿತ್ತು. ಅದರಿಂದ ಮಾತು ಕಳಿಸಲು ಆಗುತ್ತಿರಲಿಲ್ಲ, ಕೇಳಲು ಮಾತ್ರ. ಆದರೂ ಸೈನಿಕರ ಕಣ್ಣಿಗೆ ಬಿದ್ದರೆ ನಮ್ಮ ಕಥೆ ಖಲಾಸ್ ಎಂದು ಅಕ್ಕಿ ಡ್ರಮ್ಮಿನಲ್ಲಿ ಬಚ್ಚಿಟ್ಟಿದ್ದೆವು. ಪಕ್ಕದ ಕೋಣೆಯವನು ಊರು ಮುಟ್ಟಿರಬೇಕು ಎನ್ನುವ ಹೊತ್ತಿಗೆ ಹೊರತೆಗೆದು ನೋಡಿದರೆ, ಅದರ ಬ್ಯಾಂಡ್ ಬದಲಿಸುವ ಸ್ವಿಚ್ಚಿನ ಒಳಗೆ ಕರೆಂಟು ಹಾಯಿಸುವ ಬೆಳ್ಳಿಲೇಪದ ಪುಟ್ಟ ನಾಲಿಗೆಗಳು ಸವೆದಿದ್ದವು. ನಮಗೆ ಬೇಕಾದ ಬ್ಯಾಂಡಿಗೆ ತಿರುಗಿಸಿದರೆ ಬರೀ ಕರಕರ.

ಸ್ವಿಚ್ಚು ಬಿಚ್ಚಿಟ್ಟು, ತೊಳೆಯಲು ಸ್ಪಿರಿಟ್ ಹುಡುಕಿಕೊಂಡು ಹೋದೆ. ವಾಪಸು ಬರುವಷ್ಟರಲ್ಲಿ ಪುಣ್ಯಾತ್ಮ ಹುಣಸೆಹಣ್ಣು, ಉಪ್ಪು ಹಾಕಿ, ದೇವರ ದೀಪ ಬೆಳಗುವಂತೆ ಅದನ್ನು ತಿಕ್ಕುತ್ತ ಕೂತಿದ್ದ!

"ಎಂತ ಹೊಳಪು ನೋಡಿ!" ಎಂದ. ಹೊಳೆಯುತ್ತಿದ್ದದ್ದು ಒಳಗಿನ ಹಿತ್ತಾಳೆ. ಉಳಿದಿದ್ದ ಚೂರುಪಾರು ಬೆಳ್ಳಿಯೂ ಹೋಗಿತ್ತು, ನಮಗೆ ಬೇಕಾದ ನಾಲಿಗೆಯ ತುದಿಯೇ ಮುರಿದಿತ್ತು.

"ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿಟ್ಟಿಯಲ್ಲೋ! ಇದೇನ್ ನಿಮ್ಮ ಹೋಟೆಲ್ ಪಾತೇಲಿ ಅನ್ಕೊಂಡಿ?"

ಸಿಟ್ಟು ಬಂದರೆ ನನ್ನ ಬಾಯಿಗೆ ಬಾಗಿಲಿಲ್ಲ. ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡು, "ಇನ್ನು ಆಗುದೇ ಇಲ್ವಾ?" ಎಂದ. ಕಣ್ಣು ತುಂಬಿದ್ದವು. ಅಯ್ಯೋ, ಪಾಪ ಅನ್ನಿಸಿತು.

"ಬೆಳ್ಳಿ ಬೇಕು. ಈ ಗದ್ದಲದಾಗ ಎಲ್ಲಿಂದ ತರೂದು?" ಎಂದೆ.

ಅವನು ಅಂಗಿ ಎತ್ತಿ ಸೊಂಟದ ಬೆಳ್ಳಿ ಉಡಿದಾರ ತೋರಿಸಿದ.

"ಬ್ಯಾಡೋ. ನಮ್ಮ ಮನಿತನದಾಗ ಹೆಂಡ್ತಿ ಸತ್ತಾಗ ಗಂಡನ ಉಡದಾರ ಹರೀತಾರ."

"ಅದು ನಿಮ್ಮ ಕಡೆ ಕ್ರಮ. ನಾನು ಅವಳ ಸುದ್ದಿಗೇ ಅಲ್ವಾ ಕಡಿಯುದು?" ಎಂದು ನಕ್ಕು, ಇಕ್ಕಳದಿಂದ ತಾನೇ ಕತ್ತರಿಸಿ ಕೊಟ್ಟ.

ಒಂದು ಕೊಂಡಿಯನ್ನು ತಟ್ಟಿ ತೆಳ್ಳಗೆ ಮಾಡಿ, ಅಂಚನ್ನು ಅರದಿಂದ ತೀಡಿ, ಮುರಿದ ನಾಲಿಗೆಗೆ ಬೆಸುಗೆ ಹಾಕಿದೆ. ಹುಳಿಯೆಲ್ಲ ಹೋಗುವಂತೆ ಸ್ಪಿರಿಟ್ಟಿನಲ್ಲಿ ತೊಳೆದೆ. ಸಡಿಲವಾಗಿದ್ದ ನಾಲಿಗೆಗಳನ್ನು ಚಿಮಟದಿಂದ ಚೂರೇ ಬಾಗಿಸಿದೆ. ಮರುದಿನ ಸಂಜೆ ಸ್ವಿಚ್ಚು ಟಕ್ಕೆಂದು ಕೂತಿತು, ಕರಕರ ತಗ್ಗಿ ಮಂಗಳೂರಿನ ದನಿ ಬಂತು. ಅವನು ಖುಷಿಗೆ ನನ್ನ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು.

"ಅಬ್ಬಾಸಿಯಾದ ಅಡುಗೆಯವರಿಗೆ," ಎಂದಿತು ದನಿ. "ಹೆಣ್ಣು ಮಗು. ಮಗು ಚೆನ್ನಾಗಿದೆ. ಹೆರಿಗೆಯಲ್ಲಿ ತಾಯಿ ತೀರಿಕೊಂಡರು. ಉತ್ತರಕ್ರಿಯೆ ಮುಗಿದಿದೆ."

ಅವನು ಸೆಟ್ಟಿಗೆ ಬಾಯಿ ಹಚ್ಚಿ, "ಮಗು ಯಾರ ಹತ್ರ ಉಂಟು? ಹೇಳಿ, ಯಾರ ಹತ್ರ?" ಎಂದು ಕೇಳಿದ. ಮತ್ತೆ ಮತ್ತೆ ಕೇಳಿದ. ನಮ್ಮ ಮಾತು ಆಚೆಗೆ ಹೋಗದೆಂಬುದು ಅವನಿಗೆ ಮರೆತೇ ಹೋಗಿತ್ತು. ದನಿ ಆಗಲೇ ಇನ್ಯಾರದೋ ಮನೆಯ ಸುದ್ದಿ ಓದುತ್ತಿತ್ತು.

ಆಮೇಲೆ ಎದೆ ಎದೆ ಬಡಿದುಕೊಂಡ. "ನಾನೇ ಕಡಿದೆ. ನೀವು ಬೇಡ ಅಂದ್ರೂ ಕಡಿದೆ. ನಾನೇ ಅವಳನ್ನು ಕೊಂದೆ."

ಹೇಗಾದರೂ ಸಮಾಧಾನ ಮಾಡಬೇಕಲ್ಲ?

"ಹುಚ್ಚಪ್ಪಾ, ನೀ ಕಡಿದಿದ್ದು ನಿನ್ನೆ. ಕ್ರಿಯಾ ಮುಗಿದಾವ ಅಂದ್ರ ಆಕಿ ಹೋಗಿ ಎಷ್ಟೋ ದಿನ ಆತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲೋ," ಎಂದೆ.

ಅವನ ಅಳು ನಿಂತಿತು. ನನ್ನ ಮುಖವನ್ನೇ ನೋಡಿದ.

"ನಿನ್ನೆ ಬೆಳಿಗ್ಗೆ ಕೂಡ ಅವಳಿಗೆ ಸುಖಹೆರಿಗೆ ಆಗ್ಲಿ ಅಂತ ಕೈ ಮುಗಿದೆನಲ್ಲ ಮಾರಾಯ್ರೆ. ಆಗ ಅವಳು ಇರ್ಲೇ ಇಲ್ವಾ?"

ಇರಲಿಲ್ಲ ಎಂದು ನಾನೇ ಹೇಳಬೇಕಾಯಿತು.