ಕಾಕಾರ ಕ್ಯಾಸೆಟ್ಟು, ನನ್ನ ವಿಮರ್ಶೆ

ಸೋಪು ಹಾಕಿ ಎಷ್ಟು ತಿಕ್ಕಿದರೂ ನಮ್ಮ ಪಕ್ಕದ ಮನೆಯ ಕಾಕಾರ ಕಿವಿಯ ಮಡಿಕೆಗಳಲ್ಲಿ ಕೆಂಪು ಧೂಳು ಉಳಿದೇ ಇರುತ್ತಿತ್ತು. ಸಂಡೂರಿನ ಗಣಿಯಲ್ಲಿ ಅದಿರು ಜರಡಿ ಹಿಡಿಯುವ ಯಂತ್ರದ ಬಳಿ ಅವರಿಗೆ ಕೆಲಸ. ಗುರುವಿಲ್ಲ, ಪಾಠವಿಲ್ಲ. ಆ ಯಂತ್ರದ ಗಡಗಡ ಸದ್ದನ್ನೇ ತಾಳ ಮಾಡಿಕೊಂಡು, ತಾವೇ ಕಟ್ಟಿದ ತತ್ವಪದ ಹಾಡುತ್ತಿದ್ದರು. "ಯಂತ್ರಕ್ಕ ಸುಸ್ತಾಗಂಗಿಲ್ಲ, ತಮ್ಮಾ. ಅದರ ಜೋಡಿ ಹಾಡಿದ್ರ ನಂಗೂ ಆಗಂಗಿಲ್ಲ," ಎನ್ನುತ್ತಿದ್ದರು.

ಗಣಿಯ ಅಬ್ಬರದ ವರ್ಷಗಳು ಅವು. ಹೊಸಪೇಟೆಯ ಸ್ಟುಡಿಯೋ ಒಂದರಲ್ಲಿ ಎಂಟು ಪದಗಳ ಕ್ಯಾಸೆಟ್ಟು ಮಾಡಿಸಿ, ಮೊದಲ ಪ್ರತಿಯನ್ನು ನನಗೇ ತಂದುಕೊಟ್ಟರು. ನಾನು ಊರಿನ ಪತ್ರಿಕೆಯಲ್ಲಿ ಸಂಗೀತದ ಬಗ್ಗೆ ಬರೆಯುತ್ತಿದ್ದೆ. ಎರಡು ವರ್ಷ ಹಾರ್ಮೋನಿಯಂ ಕಲಿತದ್ದೇ ನನ್ನ ಬಂಡವಾಳ; ಜಂಬಕ್ಕೇನೂ ಕಡಿಮೆ ಇರಲಿಲ್ಲ. ಪಕ್ಕದ ಮನೆಯವರೆಂದು ಹೊಗಳಿದ ಅನ್ನಬಾರದಲ್ಲ? "ಗಾಯಕರಿಗೆ ಉಸಿರಿನ ಮೇಲೆ ಹಿಡಿತವಿಲ್ಲ, ಸಾಲುಗಳು ನಡುವೆಯೇ ತುಂಡಾಗುತ್ತವೆ" ಎಂದು ಬರೆದೆ. ಆಮೇಲೆ ಎಲ್ಲರೂ ಅದನ್ನೇ ಹೇಳತೊಡಗಿದರು. ಭಜನೆಗೆ ಕರೆದಿದ್ದ ಕಂಪ್ಲಿಯವರೂ ಬೇಡವೆಂದರು.

ಕಾಕಾ ಸಿಟ್ಟಾಗಲಿಲ್ಲ. "ಓದಿದವ ನೀನು. ಖರೇನ ಬರದಿ. ಉಸುರು ತಿದ್ದಿಕೋತೀನಿ, ಆಮ್ಯಾಲ ಇನ್ನೊಮ್ಮೆ ಕೇಳು," ಅಂದರು.

ಮರುದಿನದಿಂದ ಬೆಳಿಗ್ಗೆ ಕಾಲುವೆಗೆ ಇಳಿದು, ತಲೆ ಮುಳುಗಿಸಿ ಉಸಿರು ಹಿಡಿಯತೊಡಗಿದರು. ಅವರ ಹೆಂಡತಿ, ನಮ್ಮ ಚಿಗವ್ವ, ದಂಡೆಯ ಮೇಲೆ ಕೂತು ಎಣಿಸುತ್ತಿದ್ದಳು. ಮೊದಮೊದಲು ಮೂವತ್ತು. ತಿಂಗಳು ಕಳೆದಂತೆ ಏರಬೇಕಾದ ಎಣಿಕೆ ಇಳಿಯಿತು. ಎಣಿಕೆ ಹನ್ನೆರಡಾಗುವಷ್ಟರಲ್ಲೇ ನೀರಿನಿಂದ ತಲೆ ಎತ್ತಿದ ದಿನ ರಕ್ತ ಕೆಮ್ಮಿದರು. ಡಾಕ್ಟರು ಎಕ್ಸ್‌ರೇ ನೋಡಿ, ಎದೆ ತುಂಬ ಗಣಿಯ ಧೂಳು, ವರ್ಷಗಳಿಂದ ಕೂತಿದೆ, ಅಂದರು.

ಆ ಮನುಷ್ಯನ ಕೆಮ್ಮನ್ನು ಗೋಡೆಯಾಚೆಯಿಂದ ದಿನವೂ ಕೇಳುತ್ತಿದ್ದವನು ನಾನು. ಕ್ಯಾಸೆಟ್ಟಿನಲ್ಲಿ ಸ್ಟುಡಿಯೋದವನು ಅದನ್ನೆಲ್ಲ ಕತ್ತರಿಸಿದ್ದ. ಕೆಮ್ಮು ಹೋಗಿ ಉಳಿದ ಖಾಲಿ ಜಾಗವನ್ನು ನಾನು ಗಾಯಕನ ತಪ್ಪು ಎಂದೆ. ಥೂ, ನನ್ನ ಜನ್ಮಕ್ಕಿಷ್ಟು. ಹೋಗಿ ಕ್ಷಮೆ ಕೇಳಬೇಕೆಂದು ದಿನಾ ಅಂದುಕೊಂಡೆ. ನಾಚಿಕೆಯಾಗಿ ಅವರ ಹೊಸ್ತಿಲು ತುಳಿಯಲಿಲ್ಲ. ಮೂರು ವಾರಕ್ಕೆ ಕಾಕಾ ತೀರಿಕೊಂಡರು.

ಮಣ್ಣು ಮಾಡಿ ಬಂದ ಮೇಲೆ ಚಿಗವ್ವ ಕೇಳಿದಳು: "ತಮ್ಮಾ, ನಿಮ್ಮ ಕಾಕಾ ಖರೇನ ಛಲೋ ಹಾಡ್ತಿದ್ರೇನಪಾ? ನಂಗ ತಿಳಿಯಂಗಿಲ್ಲ, ನಿಂಗ ತಿಳೀತೈತಿ."

"ಭಾಳ ಛಲೋ ಹಾಡ್ತಿದ್ರು, ಚಿಗವ್ವಾ."

ಅವಳು ಸೆರಗಿನಿಂದ ಕ್ಯಾಸೆಟ್ಟು ಒರೆಸಿದಳು. ಆಮೇಲೆ ಅಂದಳು: "ಅದನ್ನ ಅವರಿಗೆ ಒಮ್ಮೆ ಹೇಳಬೇಕಿತ್ತಪಾ."