ಹಲ್ಲಿಯ ಬಾಣಂತನ

ಕ್ರೋಯ್ಡನ್‌ನ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ನನ್ನ ಬಾಣಂತನ ನಡೆಯಿತು. ಮಾಡಿದವಳು ಅವ್ವ. ಮಗಳು ಹುಟ್ಟುವುದಕ್ಕೆ ನಾಲ್ಕು ದಿನ ಮೊದಲು, ಎರಡು ಸೂಟ್‌ಕೇಸಿನ ತುಂಬ ಅಂಟು, ಉತ್ತತ್ತಿ, ಅಳ್ವಿ, ಅಜವಾನ ತುಂಬಿಕೊಂಡು ಧಾರವಾಡದಿಂದ ಬಂದಿಳಿದಳು. ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ತಲೆಗೆ ಸ್ಕಾರ್ಫ್ ಬಿಗಿದಳು, ಕಿವಿಗೆ ಅರಳೆ ತುರುಕಿದಳು, ಮಲಗುವ ಕೋಣೆಯ ಕಿಟಕಿ ಮುಚ್ಚಿಸಿದಳು. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಹೀಟರ್. ಅಜವಾನದ ಹೊಗೆ ಹಾಕಲು ಹೋದಾಗ ಸ್ಮೋಕ್ ಅಲಾರಂ ಬಡಕೊಂಡಿತು. ನನಗೆ ಒಳಗೊಳಗೇ ಖುಷಿಯಾಯಿತು. ಹೊಗೆ ನಿಂತಿತು ನಿಜ, ಆದರೆ ಅವಳು ಹೀಟರನ್ನು ಇನ್ನೂ ಒಂದಿಷ್ಟು ಏರಿಸಿದಳು.

ನಲವತ್ತು ದಿನ ಹೊಸಿಲು ದಾಟುವಂತಿಲ್ಲ. ತಣ್ಣೀರು ಮುಟ್ಟುವಂತಿಲ್ಲ. ಫೋನ್ ನೋಡಿದರೆ ಕಣ್ಣಿಗೆ ಕೆಟ್ಟದ್ದು, ಹೆಚ್ಚು ಮಾತಾಡಿದರೆ ಹೊಟ್ಟೆಗೆ ಗಾಳಿ ತುಂಬುತ್ತದೆ. ಕೆಳಗೆ ಟ್ರಾಮ್ ತಿರುಗುವ ಸದ್ದು ಕೇಳಿದಾಗಲೆಲ್ಲ, ಅದರೊಳಗೆ ಕೂತು ಎಲ್ಲಿಗಾದರೂ ಹೋಗುತ್ತಿರುವವರ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಅವ್ವನ ಮುಖ ಕಂಡರೆ ಸಿಟ್ಟು ಬರುತ್ತಿತ್ತು. ಅಷ್ಟು ದೂರದಿಂದ ಬಂದು ದುಡಿಯುವವಳ ಮೇಲೆ ಸಿಟ್ಟು ಮಾಡುವುದು ಹೇಗೆಂದು ತಿಳಿಯದೆ ಅಂಟಿನುಂಡೆ ನುಂಗುತ್ತಿದ್ದೆ.

ಹೊರಗಿನ ಹಾಲ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಲೆಪರ್ಡ್ ಗೆಕ್ಕೋ ಇತ್ತು. ಮೈಮೇಲೆ ಚಿರತೆಯ ಚುಕ್ಕೆ ಇರುವ ಗೇಣುದ್ದದ ಹಲ್ಲಿ. ಗೋಡೆ ಹತ್ತುವುದಿಲ್ಲ, ಲೊಚಗುಡುವುದಿಲ್ಲ. ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ, ಗಂಡ ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ಮಾತಾಡಿಸಲು ಒಂದು ಜೀವವಿರಲಿ ಎಂದು ನಾನೇ ತಂದದ್ದು. ಅವ್ವ ಬಂದ ದಿನ ಅದನ್ನು ನೋಡಿ ಸೆರಗು ಮೂಗಿಗೆ ಹಿಡಿದಳು.

"ಮಂದಿ ಮೈಮ್ಯಾಲೆ ಹಲ್ಲಿ ಬಿದ್ರ ಜಳಕಾ ಮಾಡ್ತಾರ. ನೀ ನೋಡಿದ್ರ ಮನ್ಯಾಗ ತಂದು ಸಾಕೀದಿ."

ಮಗಳು ಹುಟ್ಟಿ ಎರಡು ವಾರವಾದಾಗ ಪೆಟ್ಟಿಗೆ ಸ್ವಚ್ಛ ಮಾಡುತ್ತಿದ್ದ ಗಂಡ, ಹಲ್ಲಿಯ ಹೊಟ್ಟೆಯ ತೆಳು ಚರ್ಮದಡಿ ಎರಡು ಮೊಟ್ಟೆ ಬೆಳ್ಳಗೆ ಕಾಣುತ್ತಿವೆ ಎಂದರು. ಅಡುಗೆಮನೆಯಿಂದ ಅವ್ವ ಓಡಿಬಂದಳು.

"ಗಂಡಿಲ್ಲದ ಹೆಂಗ ಬಸುರಾದ್ಲು?"

"ಹಂಗೂ ಆಗ್ತಾವವ್ವ. ಮರಿ ಬರಂಗಿಲ್ಲ, ಬರೇ ಮೊಟ್ಟಿ ಇಡ್ತಾವ," ಎಂದು ನಾನು ಮಂಚದ ಮೇಲಿಂದಲೇ ಕೂಗಿದೆ.

"ಪಾಪ," ಅಂದಳು ಅವ್ವ. ಅವತ್ತಿನಿಂದ ಹಲ್ಲಿ ಅವಳ ಬಾಯಲ್ಲಿ 'ಅಕಿ' ಆಯಿತು. ಹಲ್ಲಿ ಮುಟ್ಟಿದ ಕೈಯಲ್ಲಿ ಕೂಸನ್ನು ಮುಟ್ಟಬೇಡಿ ಎಂದು ಮಿಡ್‌ವೈಫ್ ಹೇಳಿದ್ದರಿಂದ, ಕೈಗವಸು ಹಾಕಿಕೊಂಡು ಆರೈಕೆಯನ್ನೆಲ್ಲ ಅವಳೇ ವಹಿಸಿಕೊಂಡಳು. ಇಕ್ಕಳದಲ್ಲಿ ಹುಳ ಹಿಡಿದು "ಶಿವಶಿವಾ" ಎನ್ನುತ್ತಲೇ ತಿನ್ನಿಸುತ್ತಿದ್ದಳು.

ಪೆಟ್ಟಿಗೆಯ ಒಂದು ಮೂಲೆಯಲ್ಲಿ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ಒದ್ದೆ ಪಾಚಿ ಇರುತ್ತಿತ್ತು. ಅದಕ್ಕೆ ದಿನಾ ನೀರು ಸಿಂಪಡಿಸು ಎಂದಷ್ಟೇ ನಾನು ಹೇಳಿದೆ. ಪೊರೆ ಬಿಡುವಾಗ ಈ ಹಲ್ಲಿಗೆ ಆ ತೇವ ಬೇಕು, ಇಲ್ಲವಾದರೆ ಪೊರೆ ಬೆರಳಿಗೆ ಅಂಟಿ ಬಿಗಿಯುತ್ತದೆ. ಮೊಟ್ಟೆ ಇಡಲು ಅಗೆಯುವುದೂ ಆ ಒದ್ದೆಯಲ್ಲೇ. ಸರಿಯಾದ ಜಾಗ ಸಿಗದಿದ್ದರೆ ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡು ಸತ್ತೂ ಹೋಗಬಹುದು. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಕೋಣೆ ಬಿಟ್ಟು ಏಳಲು ಅವ್ವ ಬಿಡುತ್ತಿರಲಿಲ್ಲ, ಹಲ್ಲಿ ಹೇಗಿದೆಯೆಂದು ಮಂಚದಿಂದಲೇ ದಿನಾ ಕೇಳುತ್ತಿದ್ದೆ. "ಆರಾಮ ಅದಾಳ," ಅನ್ನುತ್ತಿದ್ದಳು. ಇಪ್ಪತ್ತೆಂಟನೇ ದಿನ ಮಾತ್ರ, "ಯಾಕೋ ಉಣ್ಣವಲ್ಲಳು. ಮೂರು ದಿನ ಆತು, ಮೂಲಿ ಕೆರಕೋತ ಕೂತಾಳ," ಅಂದಳು.

ಎದ್ದು ಹಾಲ್‌ಗೆ ಹೋದೆ. ಹಲ್ಲಿಯ ಮೈಮೇಲಿನ ಪೊರೆ ಚೂರುಚೂರಾಗಿ ಅಂಟಿಕೊಂಡಿತ್ತು. ಬೆರಳುಗಳಿಗೆ ಒಣಗಿದ ಪೊರೆ ದಾರದಂತೆ ಸುತ್ತಿಕೊಂಡು, ಒಂದು ಬೆರಳ ತುದಿ ಕಪ್ಪಾಗಿತ್ತು. ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಅವ್ವನ ಹಳೇ ಸೀರೆಯ ಮೆತ್ತನೆ ತುಂಡೊಂದು ನಾಲ್ಕು ಮಡಿಕೆಯಾಗಿ ಹಾಸಿತ್ತು.

"ಡಬ್ಬಿ ಎಲ್ಲಿ?"

"ತೊಳದು ಬ್ಯಾಲ್ಕನ್ಯಾಗ ಬಿಸಲಿಗಿಟ್ಟೀನಿ. ಒಳಗೆಲ್ಲಾ ಹಸಿ ಇತ್ತು. ಹೊಟ್ಟಿಲೆ ಇದ್ದಾಕಿನ್ನ ಅಂಥಾ ಥಂಡ್ಯಾಗ ಮಲಗಸ್ತಾರೇನು?"

ತೆಗೆದು ಒಂದು ವಾರವಾಗಿತ್ತಂತೆ. ನಾನು ಡಬ್ಬಿ ತಂದು ಹೊಸ ಪಾಚಿ ತುಂಬಿ, ಸಿಂಕಿನ ನಲ್ಲಿ ತಿರುವಿ ಅದರೊಳಗೆ ಕೈ ಹಾಕಿದೆ.

"ತಣ್ಣೀರಾಗ ಕೈ ಹಾಕಬ್ಯಾಡ, ಬಾಣಂತಿ ಇದ್ದೀ."

"ಸಾಕವ್ವ, ಸಾಕಾಗೇದ ನನಗ. ಅಕಿನ್ನೂ ಕೊಲ್ತಿ, ನನ್ನೂ ಕೊಲ್ತಿ."

ಅವ್ವ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಅಂದ ಮಾತು ತಪ್ಪೆಂದು ಆಗಲೇ ಗೊತ್ತಾಗಿತ್ತು, ಆದರೂ ವಾಪಸ್ ತೆಗೆದುಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಹಗುರೆನಿಸಿತು.

ಸರೀಸೃಪಗಳನ್ನು ನೋಡುವ ಪಶುವೈದ್ಯರಿಗೆ ಫೋನ್ ಮಾಡಿದೆ. ಒದ್ದೆ ಡಬ್ಬಿ ಇಟ್ಟು ಕಾಯಿರಿ, ಉಗುರುಬೆಚ್ಚಗಿನ ನೀರಿನಲ್ಲಿ ಪಾದ ನೆನೆಸಿ ಪೊರೆ ಬಿಡಿಸಿ, ಎರಡು ದಿನದಲ್ಲಿ ಮೊಟ್ಟೆ ಇಡದಿದ್ದರೆ ಕರೆತನ್ನಿ ಎಂದು ಅಪಾಯಿಂಟ್‌ಮೆಂಟ್ ಕೊಟ್ಟರು. ಕಾಟನ್ ಬಡ್‌ನಿಂದ ಒಂದೊಂದೇ ಬೆರಳು ಬಿಡಿಸಿದೆ. ಆ ಕಪ್ಪು ತುದಿ ಉಳಿಯುವಂತೆ ಕಾಣಲಿಲ್ಲ. ಎರಡು ದಿನ ಅವ್ವ "ಉಣ್ಣು" ಎಂಬುದೊಂದನ್ನು ಬಿಟ್ಟು ನನ್ನೊಡನೆ ಬೇರೆ ಮಾತಾಡಲಿಲ್ಲ. ಕೆಲಸವಿಲ್ಲದಾಗ ಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದಳು.

ಅಪಾಯಿಂಟ್‌ಮೆಂಟಿನ ಹಿಂದಿನ ಸಂಜೆ, "ನಾಳೆ ನಾನಽ ಒಯ್ತೀನಿ," ಎಂದೆ, ಜಗಳಕ್ಕೆ ತಯಾರಾಗಿ.

"ಭಾಳ ದೂರೇನು?" ಎಂದು ಕೇಳಿದಳು.

"ಟ್ರಾಮಿನ್ಯಾಗ ಹೋಗಬೇಕು."

"ಕೂಸಿನ್ನೂ ಹಿಡಕೊಂಡು ಒಬ್ಬಾಕಿ ಹೆಂಗ ಹೋಗ್ತಿ? ನಾನೂ ಬರ್ತೀನಿ."

ನನ್ನ ಕಾವಲಿಗೆ ಬರುತ್ತಾಳೆ ಎಂದುಕೊಂಡೆ.

ಬೆಳಿಗ್ಗೆ ಎದ್ದು ಡಬ್ಬಿಯ ಮುಚ್ಚಳ ತೆಗೆದರೆ ಪಾಚಿಯೆಲ್ಲ ಒಂದು ಕಡೆಗೆ ಗುಡ್ಡೆಯಾಗಿತ್ತು. ಅದರ ಕೆಳಗೆ ಎರಡು ಬಿಳಿ ಮೊಟ್ಟೆಗಳು, ಒಂದು ಸ್ವಲ್ಪ ತಗ್ಗಾಗಿತ್ತು. ಹಲ್ಲಿ ಬತ್ತಿದ ಹೊಟ್ಟೆ ಹೊತ್ತುಕೊಂಡು ಆಚೆ ಕೂತು ನೀರು ನೆಕ್ಕುತ್ತಿತ್ತು. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಎರಡೂ ಹೊರಬಿದ್ದಿದ್ದರೆ ಇವತ್ತು ಬರುವ ಅಗತ್ಯವಿಲ್ಲ, ಬೆರಳಿನ ಫೋಟೋ ಕಳಿಸಿ ಎಂದರು.

ಹೇಳೋಣವೆಂದು ಹೋದರೆ ಅವ್ವ ಮುಂಬಾಗಿಲ ಹತ್ತಿರ ನಿಂತಿದ್ದಳು. ಇಳಕಲ್ ಸೀರೆ ಉಟ್ಟು, ಮೇಲೆ ನನ್ನ ಚಳಿಗಾಲದ ಕೋಟು ಹಾಕಿದ್ದಳು. ಆ ಬಿಸಿಲಲ್ಲಿ ಕುತ್ತಿಗೆಯತನಕ ಗುಂಡಿ. ವಿಮಾನ ಹತ್ತಲೆಂದು ಕೊಂಡಿದ್ದ ಬೂಟು, ಕೈಯಲ್ಲಿ ಮಡಿಸಿದ ಕರವಸ್ತ್ರ.

"ಎರಡೂ ಇಟ್ಟಾಳವ್ವ. ಆರಾಮ ಅದಾಳ."

"ಛಲೋ ಆತು," ಎಂದಳು. ಆದರೆ ನಿಂತಲ್ಲಿಂದ ಕದಲಲಿಲ್ಲ. "ಹಂಗಾದ್ರ ಹೋಗೂದಿಲ್ಲೇನು?"

ಅವಳು ಬಂದು ಐದು ವಾರವಾಗುತ್ತ ಬಂದಿತ್ತು. ಏರ್‌ಪೋರ್ಟಿನಿಂದ ಬಂದ ಸಂಜೆಯ ನಂತರ ಒಮ್ಮೆಯೂ ಲಿಫ್ಟ್ ಇಳಿದಿರಲಿಲ್ಲ. ಇಂಗ್ಲಿಷ್ ಬಾರದು, ಲಿಫ್ಟಿನ ಗುಂಡಿ ತಿಳಿಯದು, ಕರೆದುಕೊಂಡು ಹೋಗಲು ಯಾರಿಗೂ ಪುರಸೊತ್ತಿರಲಿಲ್ಲ. ನನಗೆ ಅದು ತೋಚಿಯೂ ಇರಲಿಲ್ಲ.

ಅವಳು ಸೋಫಾದ ತುದಿಗೆ ಕೂತು ಬೂಟಿನ ಲೇಸು ಬಿಚ್ಚತೊಡಗಿದಳು. "ಇರ್ಲಿ ಬಿಡು," ಎಂದಳು ತಲೆ ಎತ್ತದೆ. "ಒಂದು ಸಲ ಕೆಳಗ ಇಳದು ಬರೂಣಂತ ಮಾಡಿದ್ದೆ."

"ಬಿಚ್ಚಬ್ಯಾಡವ್ವ," ಎಂದೆ. ಒಳಗೆ ಹೋಗಿ ಕೂಸನ್ನೆತ್ತಿಕೊಂಡು ಬಂದು ನನ್ನ ಚಪ್ಪಲಿ ಹುಡುಕತೊಡಗಿದೆ.